ಕೊನೆಯ ಏಳು ಕಿಲೋಮೀಟರ್

ನಾಳೆ ಟ್ರಯಥ್ಲಾನ್ ಅಂದರೆ ಇವತ್ತು ನಮ್ಮೂರಿನ ಮಂಚಗಳೆಲ್ಲ ಬೀದಿಗೆ ಬರುತ್ತವೆ. ಬೆಳಿಗ್ಗೆ ಏಳು ಗಂಟೆಗೆಲ್ಲ ಹಗ್ಗದ ಮಂಚ, ಕಬ್ಬಿಣದ ಮಂಚ, ಯಾರದೋ ಮದುವೆಯಲ್ಲಿ ಬಂದ ಚಿತ್ತಾರದ ಮಂಚ, ಎಲ್ಲವೂ ಗೋಡೆಗೆ ಒರಗಿ ಬಿಸಿಲು ಕಾಯಿಸುತ್ತಿದ್ದವು. ತಿಗಣೆ ಇದ್ದರೆ ಇವತ್ತೇ ಹೋಗಬೇಕು. ನಾಳೆ ಅರ್ಧ ಊರು ಆ ಮಂಚಗಳ ಮೇಲೆ ಬಿದ್ದುಕೊಂಡಿರುತ್ತದೆ. ಈಜಿ, ಸೈಕಲ್ ತುಳಿದು, ಓಡುವವರು ನಾವು ಇಪ್ಪತ್ತಮೂರು ಜನ. ನಮ್ಮ ಪರವಾಗಿ ಸುಸ್ತಾಗುವವರು ಮುನ್ನೂರ ಅರವತ್ತೆಂಟು ಜನ.

ನಾನು ಚಂಪಾವತಿ. ಪೇಟೆಯ ತುದಿಯಲ್ಲಿರುವ ಹಿಟ್ಟಿನ ಗಿರಣಿ ನನ್ನದು. ನನ್ನ ಬಾಯಿ ಜೋರು ಅಂತ ಊರವರು ಹೇಳುತ್ತಾರೆ. ದಿನಕ್ಕೆ ಹತ್ತು ತಾಸು ಗಿರಣಿಯ ಸದ್ದಿನ ಮೇಲೆ ಮಾತಾಡಿ ನೋಡಲಿ, ಆಮೇಲೆ ಹೇಳಲಿ. ಇದು ನನ್ನ ಐದನೇ ಪಂದ್ಯ, ಕೊನೆಯದೂ ಹೌದು. ಐವತ್ತು ತುಂಬಿದವರು ನಮ್ಮಲ್ಲಿ ಓಡುವಂತಿಲ್ಲ, ಓಡುವವರ ದಣಿವು ಹೊರಬೇಕು. ಬರುವ ಶ್ರಾವಣಕ್ಕೆ ನನಗೆ ಐವತ್ತು.

ಪಂದ್ಯಕ್ಕೆ ಹದಿನಾರು ಪಾಲು. ಕೆರೆಯಲ್ಲಿ ನಾಲ್ಕು ಕಿಲೋಮೀಟರ್ ಈಜು ಒಂದು ಪಾಲು. ಸೈಕಲ್ ನೂರ ಎಂಬತ್ತು ಕಿಲೋಮೀಟರ್, ಇಪ್ಪತ್ತಿಪ್ಪತ್ತರ ಒಂಬತ್ತು ಪಾಲು. ಓಟ ನಲವತ್ತೆರಡು, ಏಳೇಳರ ಆರು ಪಾಲು. ಹಿಂದಿನ ದಿನ ಸೂರ್ಯ ಮುಳುಗುವುದರೊಳಗೆ ಓಡುವವರು ಮನೆಮನೆಗೆ ಹೋಗಿ, ಹೊಸಿಲ ಆಚೆ ನಿಂತು, ಇಂಥ ಪಾಲು ತಗೋತೀರಾ ಅಂತ ಬಾಯಿಬಿಟ್ಟು ಕೇಳಬೇಕು. ಒಪ್ಪಿದವರು ಬಲಗೈ ಚಾಚುತ್ತಾರೆ, ಅದರ ಮೇಲೆ ನಮ್ಮ ಕೈ ಒತ್ತಿದರೆ ಆಯಿತು. ಮರುದಿನ ನಾವು ಆ ಜಾಗ ದಾಟುವ ಹೊತ್ತಿಗೆ ಅವರ ಕೈಕಾಲು ಸೋತುಹೋಗುತ್ತವೆ, ನಮ್ಮವು ಹಗುರವಾಗಿ ಇರುತ್ತವೆ. ಒಬ್ಬರಿಗೆ ಒಂದೇ ಪಾಲು. ಡಾಕ್ಟರು, ಸೂಲಗಿತ್ತಿ, ನೀರು ಬಿಡುವವನು, ಈ ಮೂವರನ್ನು ಕೇಳುವಂತಿಲ್ಲ. ಹಸಿವು, ಬಾಯಾರಿಕೆ, ಬಿಸಿಲು, ಪಂಕ್ಚರ್ ಮಾತ್ರ ನಮ್ಮ ನಮ್ಮದೇ. ಕೇಳಿದಾಗ ಇಲ್ಲ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಬರುವುದು ಮನಸ್ಸಿಲ್ಲದೆ ಹೂಂ ಅಂದವರ ಮೇಲೆ. ಅಂಥ ಕೈಯಲ್ಲಿ ದಣಿವು ನಿಲ್ಲುವುದಿಲ್ಲ, ನಡುದಾರಿಯಲ್ಲಿ ವಾಪಸ್ ಬರುತ್ತದೆ. ಬರುವಾಗ ಅದಕ್ಕಿಂತ ಮುಂಚಿನ ಪಾಲುಗಳನ್ನೂ ಕರೆದುಕೊಂಡು ಬರುತ್ತದೆ.

ಹೋದ ವರ್ಷ ನನಗೆ ಹಾಗೆಯೇ ಆಯಿತು. ಮೂವತ್ತೈದನೇ ಕಿಲೋಮೀಟರಿನ ಕಲ್ಲು ದಾಟಿ, ಕೊನೆಯ ಪಾಲಿನೊಳಗೆ ನೂರು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಹದಿನಾರೂ ಪಾಲು ಒಟ್ಟಿಗೆ ನನ್ನ ಮೈಮೇಲೆ ಬಂದವು. ಕಬ್ಬಿನ ಹಾಲಿನ ಅಂಗಡಿ ಮುಂದೆ ಕೂತೆ, ಕೂತಲ್ಲೇ ಮಲಗಿದೆ. ತರಕಾರಿ ಗಾಡಿಯಲ್ಲಿ ಹಾಕಿಕೊಂಡು ಮನೆಗೆ ತಂದರು. ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದು ಚಪ್ಪಲಿ ಕೈಯಲ್ಲಿ ಹಿಡಿದು, ಗಟ್ಟಿಮುಟ್ಟಾಗಿ ನಿಂತಿದ್ದವರು ನನ್ನ ಗಂಡ ಭುಜಬಲಿ. ಕೊನೆಯ ಪಾಲು ಅವರದೇ ಆಗಿತ್ತು.

ಇಡೀ ಬೀದಿ ಅದನ್ನು ನೋಡಿತು. ಹೆಂಡತಿಗೆ ಟೊಳ್ಳು ಕೈ ಕೊಟ್ಟ ಗಂಡ ಅಂತ ವರ್ಷವೆಲ್ಲ ಅವರಿಗೆ ಹೆಸರಾಯಿತು. ಅವರು ಗಡಿಯಾರ ರಿಪೇರಿ ಮಾಡುವವರು, ಸ್ವಭಾವತಃ ಮಾತು ಕಮ್ಮಿ. ಯಾಕೆ ಹೀಗೆ ಮಾಡಿದಿರಿ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಅಂದರೆ, "ಮನಸ್ಸಿಟ್ಟು ಹಾಕೀನಿ, ಟೊಳ್ಳು ಹಾಕಿಲ್ಲ" ಅಂತ ಚುಚ್ಚುತ್ತಿದ್ದೆ. ಅವರು ತಟ್ಟೆ ನೋಡಿಕೊಂಡು ಊಟ ಮಾಡುತ್ತಿದ್ದರು. ಕೇಳಲು ನನಗೆ ಹೆದರಿಕೆ ಇತ್ತು. ಮದುವೆಯಾಗಿ ಇಪ್ಪತ್ತಮೂರು ವರ್ಷ ಆದ ಮೇಲೆ ಒಬ್ಬ ಮನುಷ್ಯ ನಿನ್ನ ಭಾರ ನನಗೆ ಬೇಡ ಅಂದುಬಿಟ್ಟರೆ, ಆಮೇಲೆ ನಾನು ಎಲ್ಲಿ ನೋಡಲಿ?

ಗಿರಣಿಗೆ ಬೀಗ ಹಾಕಿ ಎಂಟು ಗಂಟೆಗೆ ಹೊರಟೆ. ಮೊದಲು ಮೆಹರುನ್ನೀಸಾ ಟೀಚರ್ ಮನೆ. ನಮಗೆಲ್ಲ ಮಗ್ಗಿ ಕಲಿಸಿದವರು, ಈಗ ಎಪ್ಪತ್ತೆರಡು ವರ್ಷ. ನೀರು ಕಂಡರೆ ಅವರಿಗೆ ಜೀವ ಹೋಗುತ್ತದೆ, ಕೆರೆಯ ದಂಡೆಗೂ ಬಂದವರಲ್ಲ. ಆದರೆ ನನ್ನ ಈಜು ಪ್ರತಿ ವರ್ಷ ಅವರಿಗೇ ಬೇಕು. ನಾನು ಬಾಯಿ ತೆರೆಯುವ ಮುಂಚೆ ಅವರ ಬಲಗೈ ಹೊಸಿಲ ಈಚೆ ಬಂದಿತ್ತು.

"ಟೀಚರ್, ಕೇಳೂ ತನಕ ಕೈ ಒಳಗ ಇಟ್ಕೋರಿ. ನಿಯಮ ನೀವ ಮುರದ್ರ ಹೆಂಗ?"

"ಹಂಗಾದ್ರ ಲಗೂನ ಕೇಳು. ವರ್ಷಪೂರ್ತಿ ಕಾದೀನಿ," ಅಂದರು. "ನಾಳೆ ಮುಂಜಾನೆ ತೋಳು ಜಗ್ಗಾಕ ಹತ್ತಿದ ಕೂಡಲೇ ಕಣ್ಣು ಮುಚ್ಚಿ, ಈಗ ನಾ ಕೆರಿ ನಡುವ ಅದೀನಿ ಅಂದ್ಕೋತೀನಿ. ಮಂಚದ ಮ್ಯಾಲ ಯಾರೂ ಮುಳುಗಂಗಿಲ್ಲಲ್ಲ."

ಕೇಳಿದೆ. ಕೈ ಒತ್ತಿದೆ. ಅವರು ನನ್ನ ಕೈ ಬಿಡದೆ, "ಕೊನೇದು ಯಾರಿಗಿ?" ಅಂದರು. "ನೋಡೂಣು ಟೀಚರ್" ಅಂತ ಹೇಳಿ ಕೈ ಬಿಡಿಸಿಕೊಂಡೆ. ಅವತ್ತು ಹದಿನಾಲ್ಕು ಮನೆಯಲ್ಲಿ ಇದೇ ಪ್ರಶ್ನೆ ಬಂತು, ಹದಿನಾಲ್ಕು ಸಲ ಇದೇ ಉತ್ತರ ಕೊಟ್ಟೆ.

ಸೈಕಲ್ ಪಾಲು ಹಂಚುವುದು ಸಂತೆಯಲ್ಲಿ ಸೀರೆ ಮಾರಿದ ಹಾಗೆ. ಕ್ಷೌರದ ಕಾಡಪ್ಪನಿಗೆ ಇಳಿಜಾರಿನ ಪಾಲೇ ಬೇಕು. "ಏರು ಕೊಟ್ರ ನಾಡಿದ್ದೂ ನನ್ನ ಕೈ ನಡುಗ್ತಾವು, ಯಾರದಾದ್ರೂ ಕಿವಿ ಹೋದ್ರ ನೀ ಹೊಣಿ" ಅಂದ. ದರ್ಜಿ ಕಸ್ತೂರಿಗೆ ಕಾಲು ನೋವಾದರೆ ಮಶೀನು ತುಳಿಯುವುದಕ್ಕೆ ತೊಂದರೆ, ಹಾಗಾಗಿ ಎದುರುಗಾಳಿಯ ಪಾಲು ಸಾಕು, ಅದು ಬೆನ್ನಿಗೆ ಬರುತ್ತದೆ ಅಂದಳು. ಹೊಸದಾಗಿ ಮದುವೆಯಾದ ಒಂದು ಜೋಡಿ ಅಕ್ಕಪಕ್ಕದ ಎರಡು ಪಾಲು ಬೇಕು ಅಂತು. ಒಬ್ಬರು ಎದ್ದು ಕೂರುವಾಗ ಇನ್ನೊಬ್ಬರು ಮಲಗುತ್ತಾರಲ್ಲ, ನೀರು ಕೊಡಲಿಕ್ಕೆ ಆಗುತ್ತದೆ ಅಂತ ಅವರ ಲೆಕ್ಕ. ಕೊಟ್ಟೆ. ಹೊಟ್ಟೆ ತಣ್ಣಗಾಯಿತು.

ಖಾನಾವಳಿಯ ಈರಪ್ಪ ಮಾತ್ರ ಕೈ ಚಾಚಲಿಲ್ಲ. ಹೋದ ದೀಪಾವಳಿಯಲ್ಲಿ ಅವನ ಕಡ್ಲಿಹಿಟ್ಟು ನೋಡಿ, ಇದರ ಬಜ್ಜಿ ತಿಂದವರು ಸೀದಾ ದವಾಖಾನೆಗೆ ಹೋಗಬೇಕು ಅಂತ ಗಿರಣಿಯಲ್ಲಿ ಹತ್ತು ಜನರ ಮುಂದೆ ಅಂದಿದ್ದೆ. ಅವನು ಒಂದು ಚಹಾ ತಂದು ನನ್ನ ಮುಂದೆ ಇಟ್ಟು, "ಚಹಾ ಕುಡಿ. ಪಾಲು ಮಾತ್ರ ಕೇಳಬ್ಯಾಡ. ಹೂಂ ಅಂದ್ರ ಸುಳ್ಳಾಗ್ತೈತಿ" ಅಂದ.

"ತಪ್ಪಾತು ಈರಪ್ಪ."

"ಮನಸಿನಿಂದ ಅಂದಿ?"

"ಅರ್ಧ," ಅಂದೆ. ಅವನೆದುರು ಸುಳ್ಳು ಹೇಳಿ ಏನು ಪ್ರಯೋಜನ?

ಅವನು ಒಳಗೆ ಹೋಗಿ ಬಿಸಿ ಬಜ್ಜಿ ಒಂದು ತಟ್ಟೆ ತಂದ. ಪಂದ್ಯದ ಹಿಂದಿನ ದಿನ ಹೊರಗಿನದು, ಕರಿದದ್ದು ಮುಟ್ಟಬಾರದು ಅಂತ ಓಡುವವರಿಗೆಲ್ಲ ಗೊತ್ತು. ಅವನಿಗೂ ಗೊತ್ತು. ಇಬ್ಬರೂ ಬಜ್ಜಿಯನ್ನೇ ನೋಡಿದೆವು. ನಾನು ಒಂದು ಎತ್ತಿ ತಿಂದೆ. ಗರಿಗರಿಯಾಗಿ, ಓಮದ ವಾಸನೆಯೊಂದಿಗೆ, ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು. ಕೇಳದೆಯೇ ಇನ್ನೊಂದು ಎತ್ತಿಕೊಂಡೆ.

"ಈಗ ಉಳಿದರ್ಧನೂ ತಪ್ಪಾತು," ಅಂದೆ. ಅವನು ನಕ್ಕು ಕೈ ಒರೆಸಿಕೊಂಡು ಓಟದ ಎರಡನೇ ಪಾಲಿಗೆ ಬಲಗೈ ಚಾಚಿದ.

ಮಧ್ಯಾಹ್ನ ಕೆರೆಯ ರಸ್ತೆಯಲ್ಲಿ ಕಲ್ಲುಗಣಿಯ ತಿಪ್ಪಣ್ಣ ಎದುರಾದ. ಬಾಗಿಲು ಅಡ್ಡ ತಿರುಗಿ ದಾಟಬೇಕಾದಂಥ ಆಳು. ಕೊನೆಯ ಪಾಲು ಎಲ್ಲಕ್ಕಿಂತ ಭಾರ, ಅದನ್ನು ಹೊರಲು ಊರಲ್ಲಿ ಅವನಿಗಿಂತ ಒಳ್ಳೆಯ ಆಳಿಲ್ಲ. ಓಡುವವರೆಲ್ಲ ಅವನ ಮನೆ ಮುಂದೆ ಸಾಲು ನಿಲ್ಲುತ್ತಾರೆ.

"ಅಕ್ಕಾ, ನಿಂದು ಕೊನೇದು ಯಾರಿಗೂ ಆಗಿಲ್ಲ ಅಂತ ಕೇಳಿದೆ," ಅಂದ. "ನಿಂದು ಕಡೀ ಪಂದ್ಯ. ಮನಿ ಮುಂದ ಬಂದು ಒಂದು ಮಾತು ಕೇಳು. ಖುಷಿಯಿಂದ ತಗೋತೀನಿ."

ನಾನು ಅಲ್ಲೇ ಅವನ ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ. ತಿಪ್ಪಣ್ಣನಿಗೆ ಕೊಟ್ಟರೆ, ನನ್ನ ಗಂಡನ ಕೈ ಟೊಳ್ಳು ಅಂತ ನಾನೇ ಡಂಗುರ ಸಾರಿದ ಹಾಗೆ. ಭುಜಬಲಿಗೇ ಕೊಟ್ಟರೆ, ನಾಳೆ ಮತ್ತೆ ತರಕಾರಿ ಗಾಡಿ. "ಸಂಜಿಗಿ ಬರ್ತೀನಪ್ಪ" ಅಂದೆ. "ಸಂಜಿ ತನಕ ಯಾರಾದ್ರೂ ಕೇಳಿದ್ರ ಇಲ್ಲ ಅನ್ನಾಕ ಬರಂಗಿಲ್ಲ ಮತ್ತ" ಅಂತ ಅವನು ಹೇಳಿಯೇ ಹೋದ.

ನಾಲ್ಕೂವರೆಗೆ ಮನೆಗೆ ಬಂದೆ. ಹದಿನೈದು ಪಾಲು ಮುಗಿದಿತ್ತು. ಭುಜಬಲಿ ಅಂಗಳದಲ್ಲಿ ನನ್ನ ಸೈಕಲ್ ತಲೆಕೆಳಗಾಗಿ ನಿಲ್ಲಿಸಿ, ಗಡಿಯಾರದ ಚಿಮಟದಿಂದ ಟೈರಿನ ಸಂದಿಯ ಹರಳು ಒಂದೊಂದಾಗಿ ತೆಗೆಯುತ್ತಿದ್ದರು. ಚೈನಿಗೆ ಎಣ್ಣೆ ಆಗಿತ್ತು. ಪಡಸಾಲೆಯ ಚಾಪೆಯ ಮೇಲೆ ನಾಳೆಯ ಸಾಮಾನೆಲ್ಲ ಬಳಸುವ ಕ್ರಮದಲ್ಲಿ ಸಾಲಾಗಿತ್ತು. ಈಜಿನ ಕನ್ನಡಕ, ಟೋಪಿ, ಮೈ ಒರೆಸುವ ಪಂಚೆ, ಕಾಲುಚೀಲ, ಬೂಟು, ಬೆಲ್ಲ ಹಾಕಿದ ಹನ್ನೆರಡು ಶೇಂಗಾ ಉಂಡೆ, ಉಪ್ಪಿನ ಪೊಟ್ಟಣ. ಒಂದು ಕಾಲುಚೀಲದ ಹೆಬ್ಬೆರಳಿನ ಕಡೆ ಸಣ್ಣ ತೂತಿತ್ತು. ಅದನ್ನು ಹೊಲಿದಿದ್ದರು, ಗಂಟು ಚುಚ್ಚದಿರಲಿ ಅಂತ ಹೊರಬದಿಗೆ ಹಾಕಿದ್ದರು.

ಆ ಗಂಟು ನೋಡಿ ನನ್ನ ಒಂದು ವರ್ಷದ ಸಿಟ್ಟು ಗೊಂದಲಕ್ಕೆ ಬಿತ್ತು. ಹೀಗೆ ಹೊಲಿಯುವ ಮನುಷ್ಯನ ಕೈ ಹೇಗೆ ಟೊಳ್ಳಾಗುತ್ತದೆ? ಹೋದ ವರ್ಷ ಅವರಿಗೆ ಪಾಲು ಕೊಟ್ಟದ್ದು ಹೇಗೆ ಅಂತ ನೆನಪು ಮಾಡಿಕೊಂಡೆ. ಒಲೆಯ ಮುಂದೆ ಕೂತು, ತಿರುಗಿಯೂ ನೋಡದೆ, "ಕೊನೇದು ನಿಮ್ದು" ಅಂದಿದ್ದೆ. ರೊಟ್ಟಿ ಕೊಡುವ ಹೊತ್ತಿಗೆ ಅವರ ಕೈ ಸಿಕ್ಕಿತು, ಹಿಟ್ಟಿನ ಕೈಯಲ್ಲೇ ಒತ್ತಿದ್ದೆ. ಅದರ ಹಿಂದಿನ ಮೂರು ವರ್ಷವೂ ಹಾಗೆಯೇ. ಹದಿನೈದು ಮನೆಯ ಹೊಸಿಲಲ್ಲಿ ತಲೆ ಬಗ್ಗಿಸಿ ಕೇಳಿದವಳು ಹದಿನಾರನೆಯದಕ್ಕೆ ಕೇಳಿರಲೇ ಇಲ್ಲ. ನಮ್ಮೂರಲ್ಲಿ ಬಹಳ ಜನ ಮಾಡುವ ತಪ್ಪು ಇದು. ಮನೆಯೊಳಗಿದ್ದವರನ್ನು ಹೊಸಿಲ ಆಚೆ ನಿಂತು ಯಾರು ಕೇಳುತ್ತಾರೆ?

ಬೀದಿಗೆ ಹೋದೆ. ತಿರುಗಿ ನನ್ನದೇ ಮನೆಯ ಹೊಸಿಲ ಮುಂದೆ ನಿಂತು ಬಾಗಿಲ ಚಿಲಕ ಬಡಿದೆ. ಎದುರುಮನೆಯವರ ಕಿವಿ ನೆಟ್ಟಗಾದದ್ದು ಬೆನ್ನಿಗೇ ಗೊತ್ತಾಯಿತು. ಭುಜಬಲಿ ಅಂಗಳದಿಂದ ಬಂದರು, ಬಾಗಿಲು ತೆರೆದೇ ಇರುವಾಗ ಹೆಂಡತಿ ಯಾಕೆ ಬಡಿಯುತ್ತಿದ್ದಾಳೆ ಅಂತ ನೋಡಿದರು. ನನ್ನ ಜೋರು ಬಾಯಿ ಅವತ್ತು ಒಣಗಿತ್ತು.

"ಓಟದ ಕೊನೇ ಪಾಲು. ಮೂವತ್ತೈದರಿಂದ ನಲವತ್ತೆರಡು. ತಗೋತೀರಾ?"

ಅವರು ಒಳಗಿನಿಂದ ಹೊಸಿಲ ತನಕ ಬಂದರು. ಎಣ್ಣೆಯ ಕೈ ಪಂಚೆಗೆ ಒರೆಸಿಕೊಂಡರು. ಚಾಚಲಿಲ್ಲ.

"ಇಲ್ಲ," ಅಂದರು.

ಇಷ್ಟು ದಿನ ಹೆದರಿದ್ದು ಇದೇ ಶಬ್ದಕ್ಕೆ. ಆದರೆ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬಹಳ ದಿನದಿಂದ ಯಾರಾದರೂ ಕೇಳಲಿ ಅಂತ ಕಾದವರ ಮುಖ ಇತ್ತು.

"ಮೂರು ವರ್ಷ ಖರೇ ಮನಸಿಂದನ ಹೊತ್ತೀನಿ," ಅಂದರು. "ನೀ ಗುರಿ ಮುಟ್ಟೂ ಹೊತ್ತಿಗೆ ನಾ ಒಳಗ ಮಂಚದ ಮ್ಯಾಲ ಹೆಣಾ ಬಿದ್ದಂಗ ಬಿದ್ದಿರತಿದ್ದೆ. ಡೊಳ್ಳು ಕೇಳತಿತ್ತು. ಜನ ಕೂಗೂದು ಕೇಳತಿತ್ತು. ನೀ ಬರೂದು ಒಂದು ದಿನಾನೂ ಕಂಡಿಲ್ಲ. ಹ್ವಾದ ವರ್ಷ ಮಲಗಿದ್ದೆ, ನೀ ಮೂವತ್ತನೇ ಕಲ್ಲು ದಾಟಿದಿ ಅಂತ ಬೀದ್ಯಾಗ ಹೇಳಿದ್ರು. ಮನಸು ಮಂಚದ ಮ್ಯಾಲ ನಿಲ್ಲಲಿಲ್ಲ. ಓಡಿ ಹೋಗಿ ನೋಡಿ, ನನ್ನ ಪಾಲು ಬರೂದ್ರಾಗ ಬಂದು ಮಲಗ್ತೀನಿ ಅಂತ ಚಪ್ಪಲಿ ಹುಡುಕಿದೆ. ಒಂದು ಸಿಕ್ತು, ಇನ್ನೊಂದು ಸಿಗಲಿಲ್ಲ. ಅದು ಸಿಗೂದ್ರಾಗ ನಿನ್ನ ಗಾಡೀಲಿ ತಂದ್ರು."

"ಒಂದು ವರ್ಷ ಆತಲ್ಲ. ಹೇಳಬಾರದಾ?"

"ಏನಂತ ಹೇಳ್ಲಿ? ನಿನ್ನ ನೋಡೂ ಆಸೆಗೆ ನಿನ್ನ ಕೆಡವಿದೆ ಅಂತನಾ? ಊರು ಟೊಳ್ಳು ಅಂದದ್ದ ಹಗುರ ಇತ್ತು."

ನನಗೆ ನಗು ಬಂತು, ಅಳುವೂ ಬಂತು, ಯಾವುದು ಮೊದಲು ಅಂತ ನೆನಪಿಲ್ಲ. ಒಂದು ವರ್ಷ ಸಾರಿನ ಉಪ್ಪಿಗೂ ಚುಚ್ಚಿದ ನನ್ನ ನಾಲಿಗೆಯನ್ನು ಗಿರಣಿಗೆ ಹಾಕಬೇಕು ಅನಿಸಿತು. ಹಾಗಂತ ಅವರಿಗೆ ಹೇಳಿಯೂಬಿಟ್ಟೆ. "ಬ್ಯಾಡ," ಅಂದರು, "ಈಗ ತಿಪ್ಪಣ್ಣನ್ನ ಕೇಳಾಕ ಬೇಕಲ್ಲ ಅದು. ಲಗೂನ ಹೋಗು."

ಅವರೇ ಈಜಿನ ಪಾಲು ತೆಗೆದುಕೊಂಡು, ಬೆಳಿಗ್ಗೆ ಬಿದ್ದು ಸಂಜೆಗೆ ಎದ್ದು ಬರಬಹುದಿತ್ತು. ಆದರೆ ಮೆಹರುನ್ನೀಸಾ ಟೀಚರಿಂದ ಕೆರೆಯನ್ನು ಕಿತ್ತುಕೊಳ್ಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ನಾನು ಕಲ್ಲುಗಣಿಯ ಕಡೆ ಓಡಿದೆ. ಪಂದ್ಯದ ಹಿಂದಿನ ದಿನ ಓಡಬಾರದು, ಕಾಲಿಗೆ ವಿಶ್ರಾಂತಿ ಕೊಡಬೇಕು ಅಂತ ನಿಯಮ. ಬಜ್ಜಿ ತಿಂದವಳಿಗೆ ಇನ್ನು ಯಾವ ನಿಯಮ? ತಿಪ್ಪಣ್ಣ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಕಂಡವನೇ ಎದ್ದುನಿಂತು ಕೈ ಮುಗಿದ.

"ಈಗ ಪೋಸ್ಟ್ ಮಾಸ್ತರ ಮಗಳು ಬಂದು ಕೇಳಿ ಹ್ವಾದ್ಲು ಅಕ್ಕಾ. ಹೂಂ ಅಂದುಬಿಟ್ಟೆ. ಹತ್ತು ನಿಮಿಷ ಆತು."

ಸೂರ್ಯ ಕಲ್ಲುಗುಡ್ಡದ ನೆತ್ತಿಗೆ ಬಂದಿದ್ದ. ಇನ್ನೊಂದಿಷ್ಟು ಬಾಗಿಲು ಬಡಿಯಬಹುದಿತ್ತು. ಆದರೆ ಅವಸರದಲ್ಲಿ ಸಿಕ್ಕವರ ಹೂಂ ಎಂಥದ್ದಿರುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸೀದಾ ಚೌಕಕ್ಕೆ ನಡೆದೆ.

ಚೌಕದಲ್ಲಿ ಪಂದ್ಯದ ಹಿರಿಯರಾದ ಬಾಳಾಸಾಹೇಬರು ನಂಬರಿನ ಬಟ್ಟೆ ಕೊಡುತ್ತಿದ್ದರು. ಕೊಡುವ ಮುಂಚೆ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ, ಎಲ್ಲರಿಗೂ ಕೇಳುವಂತೆ. "ಕೊನೇ ಪಾಲು ಯಾರದು?" ನಾಳೆ ಗುರಿ ಮುಟ್ಟಿದಾಗ ಡೊಳ್ಳಿನವರು ಓಡಿದವರ ಹೆಸರಿನ ಜೊತೆ ಆ ಹೆಸರನ್ನೂ ಕೂಗುತ್ತಾರೆ. ನನ್ನ ಸರದಿ ಬಂದಾಗ ಚೌಕದ ಜನ ಹತ್ತಿರ ಸರಿದರು. ಭುಜಬಲಿ ಜನರ ಹಿಂದೆ, ನೀರಿನ ಟಾಕಿಯ ಪಕ್ಕ ನಿಂತಿದ್ದು ಕಂಡಿತು. ಒಂದು ವರ್ಷದಿಂದ ಅವರು ಹೀಗೆ ಹಿಂದೆಯೇ ನಿಲ್ಲುತ್ತಿದ್ದರು.

"ಕೊನೇ ಪಾಲು ಯಾರದು, ಚಂಪಾವತಿ?"

"ನಂದ."

ಬಾಳಾಸಾಹೇಬರು ಕನ್ನಡಕ ಮೇಲೆತ್ತಿದರು. ತನ್ನ ದಣಿವು ತಾನೇ ಇಟ್ಟುಕೊಳ್ಳಬಾರದು ಅಂತ ನಮ್ಮಲ್ಲಿ ನಿಯಮವೇನೂ ಇಲ್ಲ. ಯಾರೂ ಹಾಗೆ ಮಾಡುವುದಿಲ್ಲ ಅಷ್ಟೆ. ಮಾಡಿದವರನ್ನು ಜುಗ್ಗರು ಅನ್ನುತ್ತೇವೆ. ಹಿಂದಿನಿಂದ ಕಾಡಪ್ಪನ ದನಿ ಬಂತು. "ಏಳು ಕಿಲೋಮೀಟರ್ ಯಾರಿಗೂ ಕೊಡದಷ್ಟು ಜುಗ್ಗತನಾನಾ ಚಂಪಕ್ಕ?" ಜನ ನಕ್ಕರು. ಬಾಳಾಸಾಹೇಬರು ನಗಲಿಲ್ಲ. ದನಿ ತಗ್ಗಿಸಿ, "ನಿಮ್ಮ ಯಜಮಾನರು ಒಲ್ಲೆ ಅಂದ್ರೇನವಾ?" ಅಂತ ಕೇಳಿದರು.

ಅವರು ತಗ್ಗಿಸಿದ ದನಿಯನ್ನು ನಾನು ಏರಿಸಿದೆ. ಗಿರಣಿಯ ದನಿ, ನೀರಿನ ಟಾಕಿ ತನಕ ಆರಾಮಾಗಿ ಹೋಗುತ್ತದೆ.

"ಹೂಂ, ಒಲ್ಲೆ ಅಂದ್ರು. ನಾಳೆ ಅವರಿಗೆ ಬ್ಯಾರೆ ಕೆಲಸ ಐತಿ. ನಾ ಬರೂದು ನೋಡಬೇಕಂತ. ಹ್ವಾದ ವರ್ಷಾನೂ ಅದಕ್ಕ ಎದ್ದಿದ್ರಂತ. ಟೊಳ್ಳು ಗಿಳ್ಳು ಅಂದವರೆಲ್ಲ ಕೇಳಿಸಿಕೊಳ್ರಿ, ನಂದೂ ಸೇರಿ ತಪ್ಪಾತು."

ಹೆಂಗಸರ ಕಡೆಯಿಂದ ನಗೆ ಶುರುವಾಗಿ ಗಂಡಸರಿಗೆ ಹಬ್ಬಿತು. ಯಾರೋ ಭುಜಬಲಿಯ ಬೆನ್ನಿಗೆ ಗುದ್ದಿದರು. ಕಸ್ತೂರಿ ತನ್ನ ಗಂಡನ ಕಡೆ ತಿರುಗಿ ಅದೇನೋ ಕೇಳಿದಳು, ಅವನು ತಲೆ ಕೆರೆದುಕೊಂಡ. ಭುಜಬಲಿಯ ಮುಖ ಕಿವಿಯ ತನಕ ಕೆಂಪಾಗಿತ್ತು, ಆದರೆ ತಲೆ ಬಗ್ಗಿರಲಿಲ್ಲ. ನಂಬರಿನ ಬಟ್ಟೆ ತೆಗೆದುಕೊಂಡು ನಾನು ಅವರ ಕಡೆ ನಡೆದೆ, ಜನ ದಾರಿ ಬಿಟ್ಟರು.

ಮನೆಗೆ ಬಂದು ಗೋಧಿ ಹುಗ್ಗಿ ಬಡಿಸಿಕೊಂಡು ಕೂತೆವು. ಬೆಳಕು ಇನ್ನೂ ಅಂಗಳದಲ್ಲಿತ್ತು. ಮೊದಲ ತಟ್ಟೆ ಮುಗಿಯುವ ಹೊತ್ತಿಗೆ ನನಗೆ ನಿಜವಾದ ಹೆದರಿಕೆ ಹತ್ತಿತು. ದಿನಾ ಬೆಳಿಗ್ಗೆ ಏಳು ಕಿಲೋಮೀಟರ್ ಓಡುವವಳೇ ನಾನು. ಆದರೆ ಹದಿಮೂರು ತಾಸಿನ ಮೇಲಿನ ಏಳು ಹೇಗಿರುತ್ತದೆ ಅಂತ ಓಡಿದ ಯಾರಿಗೂ ಗೊತ್ತಿಲ್ಲ. ಮಲಗಿದವರಿಗೆ ಮಾತ್ರ ಗೊತ್ತು.

"ಹೆಂಗಿರ್ತೈತ್ರೀ ಅದು?" ಅಂತ ಕೇಳಿದೆ.

ಭುಜಬಲಿ ತಟ್ಟೆ ಕೆಳಗಿಟ್ಟರು. ಗಡಿಯಾರ ಬಿಚ್ಚಿ ತೋರಿಸುವಾಗ ಹೇಳುವ ಹಾಗೆ, ಒಂದೊಂದೇ ಹೇಳಿದರು.

"ಮೊದಲಿನ ಎರಡು ಕಿಲೋಮೀಟರ್ ಏನಿಲ್ಲ. ಮೂರನೇದಕ್ಕ ತೊಡಿ ಉರೀತಾವು. ನಾಕನೇದಕ್ಕ ಎಡ ಮೊಣಕಾಲು, ನಿಂದು ಎಡದ್ದು ಸ್ವಲ್ಪ ಹೊರಗ ತಿರುಗ್ತೈತಿ, ನಿನಗ ಗೊತ್ತಿಲ್ಲ. ಆರನೇದಕ್ಕ ಅಳು ಬರ್ತೈತಿ. ಕಾರಣ ಇರಂಗಿಲ್ಲ, ಸುಮ್ನ ಅಳು. ಅತ್ತುಬಿಡು, ತಡದ್ರ ಉಸಿರು ಕಟ್ತೈತಿ. ಅದು ದಾಟಿದ್ರ ಆತು. ಆಮ್ಯಾಲ ಡೊಳ್ಳು ಕೇಳತೈತಿ."

ಮೂರು ವರ್ಷ ನಾನು ನಗುನಗುತ್ತ ದಾಟಿದ ದಾರಿಗೆ ಈ ಮನುಷ್ಯ ಒಳಗಿನ ಕೋಣೆಯಲ್ಲಿ ಮಲಗಿ ಅತ್ತಿದ್ದರು. ಒಂದು ಮಾತೂ ಹೇಳಿರಲಿಲ್ಲ. ನನ್ನ ಎಡ ಮೊಣಕಾಲು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಹೊತ್ತಿಗೆ ಅವರ ಮೇಲೆ ಬಂದ ಪ್ರೀತಿಯನ್ನು ಎಲ್ಲಿ ಇಟ್ಟುಕೊಳ್ಳಬೇಕು ತಿಳಿಯದೆ ಅವರ ತಟ್ಟೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿದೆ.

"ತಡ ಆಗ್ಬಹುದು," ಅಂದೆ. "ಕಾಲು ಎಳಕೋಂತ ಬರ್ತೀನೋ ಏನೋ. ನಾಕು ಮಂದಿ ನಗೂ ಹಂಗ ತೆವಳ್ಕೋಂತ ಬಂದ್ರ?"

"ತೆವಳ್ಕೋಂತ ಬಾ," ಅಂದರು ಭುಜಬಲಿ, "ಇನ್ನೂ ಹೆಚ್ಚು ಹೊತ್ತು ನೋಡ್ತೀನಿ."